ಲಂಘನ ಮದ್ದಾಗದ ರೋಗ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಕಾಯಕದಿಂದ ಗಳಿಸಿದ ಅನ್ನವನ್ನು ಅರ್ಪಿಸಿ, ಹಂಚಿ, ಉಳಿದುದನ್ನು ಕೃತಜ್ಞತೆಯಿಂದ ಸ್ವೀಕರಿಸುವುದು ಶರಣಧರ್ಮದ ನಿತ್ಯದ ನಡೆ. ಅನ್ನದ ಬೆಲೆಯನ್ನು ಇಷ್ಟು ಚೆನ್ನಾಗಿ ಬಲ್ಲ ಸಮಾಜದಲ್ಲಿಯೂ, ಮನೆಯವರೊಬ್ಬರು ಆಸ್ಪತ್ರೆ ಸೇರಿದೊಡನೆ ಅನ್ನದ ವಿಷಯದಲ್ಲಿ ನಮ್ಮ ವಿವೇಕ ತೂಗಾಡತೊಡಗುತ್ತದೆ. ಕೆಲವರು ರೋಗಿ ಸೊರಗಿದನೆಂದು ಮರುಗಿ, ಯಾರಿಗೂ ತಿಳಿಯದಂತೆ ಡಬ್ಬಿಯಲ್ಲಿ ತುಪ್ಪದನ್ನವನ್ನು ತಂದು ಉಣಿಸುತ್ತಾರೆ. ಇನ್ನು ಕೆಲವರು ಲಂಘನವೇ ಪರಮೌಷಧವೆಂಬ ನಾಣ್ಣುಡಿಯನ್ನು ನಂಬಿ, ವೈದ್ಯರು ಉಣ್ಣಬಹುದೆಂದು ಹೇಳಿದ ಮೇಲೂ ರೋಗಿಯನ್ನು ಬರಿಹೊಟ್ಟೆಯಲ್ಲಿ ಇರಿಸುತ್ತಾರೆ. ಈ ಎರಡೂ ನಡೆಗಳು ಹೆಚ್ಚು ಹಾನಿ ಮಾಡುವ ಕಾಯಿಲೆಯೊಂದಿದೆ. ಅದು ಮೇದೋಜ್ಜೀರಕ ಗ್ರಂಥಿಯ ತೀವ್ರ ಉರಿಯೂತ. ಆಸ್ಪತ್ರೆಯಲ್ಲಿ ಇದನ್ನು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಎಂದು ಕರೆಯುತ್ತಾರೆ.

ಈ ರೋಗದಲ್ಲಿ ಹೊಟ್ಟೆಯನ್ನು ದಿನಗಟ್ಟಲೆ ಖಾಲಿ ಇಡುವುದೇ ಚಿಕಿತ್ಸೆಯೆಂದು ಬಹುಕಾಲ ವೈದ್ಯಲೋಕವೇ ನಂಬಿತ್ತು. ಕಳೆದ ಮೂರು ದಶಕಗಳ ಅಧ್ಯಯನಗಳು ಆ ನಂಬಿಕೆಯನ್ನು ಬದಲಿಸಿವೆ. ಇಂದು ಸಕಾಲದಲ್ಲಿ, ಸರಿಯಾದ ಮಾರ್ಗದಲ್ಲಿ, ಸರಿಯಾದ ಪ್ರಮಾಣದಲ್ಲಿ ಕೊಡುವ ಆಹಾರವೂ ಚಿಕಿತ್ಸೆಯ ಒಂದು ಅಂಗ. ಆದರೆ ಈ ಬದಲಾವಣೆ ರೋಗಿಯ ಮನೆಯವರಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಕೆಲವು ಆಸ್ಪತ್ರೆಗಳಲ್ಲಿಯೂ ಹಳೆಯ ರೂಢಿಯೇ ಮುಂದುವರಿದಿದೆ. ಆದುದರಿಂದ ರೋಗಿಯ ಬಂಧುಗಳು ಮೊದಲ ದಿನದಿಂದಲೇ ಆಹಾರದ ಕುರಿತು ವೈದ್ಯರನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳುವ ಬಗೆ

ಮೇದೋಜ್ಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ ಅಡ್ಡವಾಗಿ ಮಲಗಿರುವ, ಒಂದು ಗೇಣಿಗೂ ಕಿರಿದಾದ ಅವಯವ. ಇದರ ಕೆಲಸ ಎರಡು ಬಗೆಯದು. ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು ಒಂದು. ಪಿಷ್ಟ, ಪ್ರೋಟೀನು, ಕೊಬ್ಬುಗಳನ್ನು ಜೀರ್ಣಿಸುವ ಕಿಣ್ವಗಳನ್ನು ಸಣ್ಣ ಕರುಳಿಗೆ ಹರಿಸುವುದು ಇನ್ನೊಂದು. ದಿನಕ್ಕೆ ಸುಮಾರು ಒಂದೂವರೆ ಲೀಟರ್ ಜೀರ್ಣರಸ ಇಲ್ಲಿಂದ ಹರಿಯುತ್ತದೆ. ಈ ಕಿಣ್ವಗಳು ಗ್ರಂಥಿಯೊಳಗೆ ನಿದ್ರಾಸ್ಥಿತಿಯಲ್ಲಿದ್ದು, ಕರುಳನ್ನು ಸೇರಿದ ಮೇಲೆ ಎಚ್ಚರಗೊಳ್ಳುತ್ತವೆ. ಹಾಗೆ ಇರುವುದರಿಂದಲೇ ಗ್ರಂಥಿ ಸುರಕ್ಷಿತವಾಗಿರುತ್ತದೆ.

ಯಾವುದೋ ಕಾರಣದಿಂದ ಈ ವ್ಯವಸ್ಥೆ ಕೆಟ್ಟು ಕಿಣ್ವಗಳು ಗ್ರಂಥಿಯೊಳಗೇ ಎಚ್ಚರಗೊಂಡರೆ, ಅವು ತಮಗೆ ಆಶ್ರಯ ಕೊಟ್ಟ ಅಂಗಾಂಶವನ್ನೇ ಜೀರ್ಣಿಸಲು ತೊಡಗುತ್ತವೆ. ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಇರಿಯುವ ಸಹಿಸಲಾಗದ ನೋವು, ನಿಲ್ಲದ ವಾಂತಿ, ಹೊಟ್ಟೆಯುಬ್ಬರ ಇದರ ಮುಖ್ಯ ಲಕ್ಷಣಗಳು. ಪಿತ್ತಕೋಶದಿಂದ ಜಾರಿದ ಕಲ್ಲು ನಾಳದ ಬಾಯಿಗೆ ಸಿಕ್ಕಿಕೊಳ್ಳುವುದು ಮತ್ತು ಮದ್ಯಪಾನ ಇವೆರಡೂ ಪ್ರಮುಖ ಕಾರಣಗಳು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಪ್ರಮಾಣ ಡೆಸಿಲೀಟರಿಗೆ ೧೦೦೦ ಮಿಲಿಗ್ರಾಮನ್ನು ಮೀರುವುದು, ಕೆಲವು ಔಷಧಿಗಳು ಮೊದಲಾದವು ಉಳಿದ ಕಾರಣಗಳು.

ಐವರು ರೋಗಿಗಳಲ್ಲಿ ಸುಮಾರು ನಾಲ್ವರಿಗೆ ಈ ಕಾಯಿಲೆ ಸೌಮ್ಯವಾಗಿದ್ದು, ಒಂದು ವಾರದೊಳಗೆ ತಾನೇ ಇಳಿಯುತ್ತದೆ. ಉಳಿದವರಲ್ಲಿ ಶ್ವಾಸಕೋಶ, ಮೂತ್ರಪಿಂಡ, ಹೃದಯಗಳ ಕಾರ್ಯ ಕುಸಿಯಬಹುದು. ಗ್ರಂಥಿಯ ಭಾಗಗಳು ಸತ್ತು ಅಲ್ಲಿ ಸೋಂಕು ನೆಲೆಸಬಹುದು. ೨೦೧೨ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣದಂತೆ, ಅಂಗವೈಫಲ್ಯವು ೪೮ ಗಂಟೆಗಳನ್ನು ಮೀರಿ ಉಳಿದರೆ ಅದನ್ನು ತೀವ್ರ ಸ್ವರೂಪವೆಂದು ಪರಿಗಣಿಸಲಾಗುತ್ತದೆ. ಆಹಾರವನ್ನು ಯಾವಾಗ, ಹೇಗೆ ಕೊಡಬೇಕೆಂಬುದು ಬಹುಮಟ್ಟಿಗೆ ರೋಗದ ಈ ಸೌಮ್ಯ ಮತ್ತು ತೀವ್ರ ಸ್ವರೂಪಗಳನ್ನು ಅವಲಂಬಿಸಿದೆ.

ಬರಿಹೊಟ್ಟೆಯ ಪದ್ಧತಿ ಬಂದ ದಾರಿ

೧೯೦೨ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅವರು ಸೆಕ್ರೆಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಜಠರದಿಂದ ಆಮ್ಲವು ಸಣ್ಣ ಕರುಳಿಗೆ ಇಳಿದಾಗ ಕರುಳಿನ ಒಳಪದರ ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದರ ಸಂದೇಶದಿಂದ ಮೇದೋಜ್ಜೀರಕ ಗ್ರಂಥಿ ರಸವನ್ನು ಸ್ರವಿಸುತ್ತದೆ. ಈ ತಿಳಿವಳಿಕೆಯಿಂದ ಸಹಜವಾಗಿ ಒಂದು ತರ್ಕ ಹುಟ್ಟಿತು. ಉಂಡರೆ ರಸ ಸ್ರವಿಸುತ್ತದೆ. ರಸ ಸ್ರವಿಸಿದರೆ ಉರಿಯುತ್ತಿರುವ ಗ್ರಂಥಿ ಇನ್ನಷ್ಟು ಉರಿಯುತ್ತದೆ. ಆದುದರಿಂದ ಉಣಿಸದಿರುವುದೇ ಗ್ರಂಥಿಗೆ ವಿಶ್ರಾಂತಿ. ಹೀಗಾಗಿ ಬಾಯಿಗೆ ಹನಿ ನೀರನ್ನೂ ಕೊಡದೆ, ನೋವು ಪೂರ್ಣ ಅಡಗಿ ರಕ್ತದ ಅಮೈಲೇಸ್ ಪ್ರಮಾಣ ಇಳಿಯುವ ತನಕ ಕಾಯುವ ಪದ್ಧತಿ ಬೇರೂರಿತು.

ತರ್ಕ ಅಚ್ಚುಕಟ್ಟಾಗಿತ್ತು. ಆದರೆ ತರ್ಕಕ್ಕೆ ಒಪ್ಪುವುದೆಲ್ಲವೂ ದೇಹಕ್ಕೆ ಒಪ್ಪಬೇಕೆಂದಿಲ್ಲ. ತೀವ್ರವಾಗಿ ಉರಿಯುತ್ತಿರುವ ಗ್ರಂಥಿಯು ಆಹಾರಕ್ಕೆ ಪ್ರತಿಯಾಗಿ ಆರೋಗ್ಯವಂತ ಗ್ರಂಥಿಯಷ್ಟು ರಸವನ್ನು ಸ್ರವಿಸುವುದಿಲ್ಲವೆಂದು ಮುಂದೆ ತಿಳಿದುಬಂದಿತು. ಅದಕ್ಕಿಂತ ಮುಖ್ಯವಾಗಿ, ಗ್ರಂಥಿಗೆ ವಿಶ್ರಾಂತಿ ಕೊಡುವ ಭರದಲ್ಲಿ ಕರುಳನ್ನು ಮರೆಯಲಾಗಿತ್ತು.

ಕರುಳಿನ ಒಳಪದರದ ಜೀವಕೋಶಗಳು ತಮ್ಮ ಪೋಷಣೆಯ ಬಹುಭಾಗವನ್ನು ತಮ್ಮ ಮುಂದೆ ಹಾದುಹೋಗುವ ಆಹಾರದಿಂದಲೇ ನೇರವಾಗಿ ಪಡೆಯುತ್ತವೆ. ಆಹಾರ ಬಾರದಿದ್ದರೆ ಒಳಪದರ ತೆಳುವಾಗುತ್ತದೆ, ಅದರ ಕಾವಲು ಸಡಿಲಗೊಳ್ಳುತ್ತದೆ. ಕರುಳಿನೊಳಗೆ ವಾಸಿಸುವ ಬ್ಯಾಕ್ಟೀರಿಯಾಗಳು ಈ ಗೋಡೆಯನ್ನು ದಾಟಿ, ಗ್ರಂಥಿಯ ಸತ್ತ ಭಾಗಗಳನ್ನು ಸೇರಿ ಅಲ್ಲಿ ಕೀವು ಕಟ್ಟುವ ಅಪಾಯವಿದೆ. ತೀವ್ರ ಸ್ವರೂಪದ ರೋಗದಲ್ಲಿ ಮೊದಲ ವಾರವನ್ನು ದಾಟಿದವರ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಇಂಥ ಸೋಂಕೇ. ಮನೆಯಲ್ಲಿ ಬೆಂಕಿ ಬಿದ್ದಿದೆಯೆಂದು ಊರಿನ ಕಾವಲುಗಾರರನ್ನೆಲ್ಲ ಉಪವಾಸ ಕೆಡವಿದಂತಾಯಿತು ಈ ಪದ್ಧತಿ.

ಬಾಟಲಿಯ ನೀರು ಊಟವಲ್ಲ

ಕೈಗೆ ಹಚ್ಚಿದ ಬಾಟಲಿಯಿಂದ ಹನಿಹನಿಯಾಗಿ ಇಳಿಯುವ ದ್ರವವನ್ನು ಕಂಡು, ಗ್ಲೂಕೋಸ್ ಹೋಗುತ್ತಿದೆಯಲ್ಲ, ಅದರಲ್ಲೇ ಶಕ್ತಿ ಇದೆ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದು ಸಾಮಾನ್ಯ. ಇದನ್ನೊಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಶೇಕಡ ೫ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯೊಂದರಲ್ಲಿ ಇರುವುದು ೨೫ ಗ್ರಾಂ ಸಕ್ಕರೆ. ಅದರಿಂದ ದೊರೆಯುವ ಶಕ್ತಿ ೧೦೦ ಕ್ಯಾಲೊರಿಯನ್ನು ಮೀರುವುದಿಲ್ಲ. ಅಂಥ ಮೂರು ಬಾಟಲಿಗಳನ್ನು ದಿನವಿಡೀ ಹರಿಸಿದರೂ ಒಂದೂವರೆ ಜೋಳದ ರೊಟ್ಟಿಯ ಶಕ್ತಿ ಬಂದರೆ ಹೆಚ್ಚು. ಸಲೈನ್ ಬಾಟಲಿಯಲ್ಲಿ ಇರುವುದು ಬರಿಯ ಉಪ್ಪುನೀರು. ಅದರಲ್ಲಿ ಕ್ಯಾಲೊರಿಯೇ ಇಲ್ಲ. ಈ ಎರಡರಲ್ಲಿಯೂ ಪ್ರೋಟೀನು ಇಲ್ಲ.

ಈ ರೋಗದಲ್ಲಿ ದೇಹ ಬೇಡುವುದಾದರೂ ಎಷ್ಟು? ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು ೨೫ರಿಂದ ೩೦ ಕ್ಯಾಲೊರಿ, ೧.೨ರಿಂದ ೧.೫ ಗ್ರಾಂ ಪ್ರೋಟೀನು. ಅರವತ್ತು ಕಿಲೋ ತೂಕದ ರೋಗಿಗೆ ಇದು ೧೫೦೦ರಿಂದ ೧೮೦೦ ಕ್ಯಾಲೊರಿ ಮತ್ತು ೭೨ರಿಂದ ೯೦ ಗ್ರಾಂ ಪ್ರೋಟೀನು. ಉರಿಯೂತದ ಜ್ವಾಲೆ ಹೊತ್ತಿದಾಗ ದೇಹ ಸುಮ್ಮನಿರುವುದಿಲ್ಲ. ಹೊರಗಿನಿಂದ ಆಹಾರ ಬಾರದಿದ್ದರೆ ತನ್ನ ಸ್ನಾಯುಗಳನ್ನೇ ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ. ಉಸಿರಾಟದ ಸ್ನಾಯುಗಳೂ ಇದರಲ್ಲಿ ಸೇರಿವೆ. ಮೊದಲ ಒಂದೆರಡು ದಿನ ರಕ್ತನಾಳದ ಮೂಲಕ ಕೊಡುವ ದ್ರವ ಅತ್ಯಗತ್ಯವಾದ ಚಿಕಿತ್ಸೆಯೇ ಹೌದು. ಆದರೆ ಅದು ಬಾಯಾರಿಕೆಗೆ ಉತ್ತರವೇ ಹೊರತು ಹಸಿವಿಗಲ್ಲ.

ಹಾಗಾದರೆ ಪೂರ್ಣ ಪೋಷಣೆಯನ್ನೇ ರಕ್ತನಾಳದ ಮೂಲಕ ಕೊಡಬಾರದೇಕೆ ಎಂಬ ಪ್ರಶ್ನೆ ಏಳಬಹುದು. ೧೯೬೦ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ ಅವರು ಇಂಥ ಪೋಷಣೆ ಸಾಧ್ಯವೆಂದು ತೋರಿಸಿಕೊಟ್ಟರು. ಕರುಳು ಕೆಲಸ ಮಾಡದ ಅನೇಕರ ಪ್ರಾಣವನ್ನು ಅದು ಉಳಿಸಿದೆ. ಮೇದೋಜ್ಜೀರಕದ ಉರಿಯೂತದಲ್ಲಿಯೂ ಅದನ್ನು ವ್ಯಾಪಕವಾಗಿ ಬಳಸಲಾಯಿತು. ಆದರೆ ಎರಡೂ ಮಾರ್ಗಗಳನ್ನು ಹೋಲಿಸಿ ನೋಡಿದಾಗ ಫಲಿತಾಂಶ ಬೇರೆಯಾಗಿತ್ತು. ೨೦೧೦ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯು ೩೪೮ ರೋಗಿಗಳನ್ನೊಳಗೊಂಡ ಎಂಟು ಅಧ್ಯಯನಗಳನ್ನು ಒಟ್ಟುಗೂಡಿಸಿತು. ಕರುಳಿನ ಮೂಲಕ ಆಹಾರ ಪಡೆದವರಲ್ಲಿ ಸಾವಿನ ಪ್ರಮಾಣವು ರಕ್ತನಾಳದ ಮೂಲಕ ಪಡೆದವರ ಸುಮಾರು ಅರ್ಧದಷ್ಟಿತ್ತು. ಸೋಂಕು, ಅಂಗವೈಫಲ್ಯ, ಶಸ್ತ್ರಚಿಕಿತ್ಸೆಯ ಅಗತ್ಯ ಇವೂ ಕಡಿಮೆಯಾಗಿದ್ದವು. ರಕ್ತನಾಳದ ಪೋಷಣೆ ದುಬಾರಿಯೂ ಹೌದು. ಆದುದರಿಂದ ಕರುಳಿನ ಮಾರ್ಗ ಸಾಧ್ಯವೇ ಇಲ್ಲದಾಗ ಅಥವಾ ಸಾಲದಾದಾಗ ಮಾತ್ರ ಅದನ್ನು ಆಶ್ರಯಿಸುವುದು ಇಂದಿನ ಕ್ರಮ.

ಸೌಮ್ಯ ರೋಗದಲ್ಲಿ ಬಾಯಿಯ ಊಟ

ಸೌಮ್ಯ ಸ್ವರೂಪದ ರೋಗದಲ್ಲಿ ದಾರಿ ಸರಳ. ವಾಂತಿ ನಿಂತು, ನೋವು ತಗ್ಗುತ್ತಿದ್ದು, ರೋಗಿಗೆ ಹಸಿವೆನಿಸಿದರೆ ಉಣ್ಣಲು ಕೊಡಬಹುದು. ಅಮೈಲೇಸ್, ಲೈಪೇಸ್ ಪ್ರಮಾಣ ಇಳಿಯುವುದನ್ನು ಕಾಯಬೇಕಾಗಿಲ್ಲ. ಸ್ವೀಡನ್ನಿನಲ್ಲಿ ೬೦ ರೋಗಿಗಳ ಮೇಲೆ ನಡೆದು ೨೦೦೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಡಲೇ ಉಣ್ಣತೊಡಗಿದವರು ನಾಲ್ಕು ದಿನಗಳಲ್ಲಿ ಮನೆಗೆ ಮರಳಿದರೆ, ಉಪವಾಸವಿದ್ದವರಿಗೆ ಆರು ದಿನ ಬೇಕಾಯಿತು. ಉಂಡವರಲ್ಲಿ ನೋವಾಗಲಿ ತೊಂದರೆಯಾಗಲಿ ಹೆಚ್ಚಲಿಲ್ಲ. ಅದೇ ವರ್ಷ ೧೨೧ ರೋಗಿಗಳನ್ನು ಕುರಿತ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಮೊದಲ ಊಟವಾಗಿ ಬರಿಯ ತಿಳಿದ್ರವ ಕೊಟ್ಟರೂ, ಜಿಡ್ಡು ಕಡಿಮೆಯಿರುವ ಗಟ್ಟಿ ಆಹಾರ ಕೊಟ್ಟರೂ ಸುರಕ್ಷತೆಯಲ್ಲಿ ವ್ಯತ್ಯಾಸವಿಲ್ಲವೆಂದು ಅದು ತೋರಿಸಿತು. ಅಮೆರಿಕದ ಜಠರಕರುಳು ತಜ್ಞರ ಸಂಘವು ೨೦೧೮ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ರೋಗಿಗೆ ಸಹಿಸುವಂತಿದ್ದರೆ ೨೪ ಗಂಟೆಗಳೊಳಗೆ ಬಾಯಿಯ ಮೂಲಕ ಆಹಾರವನ್ನು ಆರಂಭಿಸಬೇಕೆಂದು ಶಿಫಾರಸು ಮಾಡಿದೆ.

ನಮ್ಮ ಅಡುಗೆಮನೆಗೆ ಈ ಮಾತನ್ನು ಅನ್ವಯಿಸಿದರೆ ಮೆತ್ತಗೆ ಬೇಯಿಸಿದ ಅನ್ನ, ಒಗ್ಗರಣೆಯಿಲ್ಲದ ತೆಳುವಾದ ಹೆಸರುಬೇಳೆ ತೊವ್ವೆ, ಅಕ್ಕಿ ಗಂಜಿ, ನುಚ್ಚು, ರಾಗಿ ಅಂಬಲಿ, ಇಡ್ಲಿ, ಬೆಣ್ಣೆ ತೆಗೆದ ಮಜ್ಜಿಗೆ, ಬಾಳೆಹಣ್ಣು, ಬೇಯಿಸಿ ಹಿಸುಕಿದ ತರಕಾರಿ ಇವು ಯೋಗ್ಯವಾದವು. ಒಂದೇ ಸಲಕ್ಕೆ ಹೊಟ್ಟೆ ತುಂಬ ಉಣಿಸದೆ, ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪ ಕೊಡಬೇಕು. ತುಪ್ಪ ಸುರಿದ ಹುಗ್ಗಿ, ಹೋಳಿಗೆ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೊಬ್ಬರಿ, ಕರಿದ ತಿನಿಸುಗಳು ಈ ಹೊತ್ತಿಗೆ ಸಲ್ಲವು. ಉಂಡ ಮೇಲೆ ನೋವು ಮರುಕಳಿಸಿದರೆ, ವಾಂತಿಯಾದರೆ ತಕ್ಷಣ ತಿಳಿಸಬೇಕು. ಹಾಗಾದಾಗ ಆಹಾರವನ್ನು ಕೆಲಕಾಲ ನಿಲ್ಲಿಸಿ ಮತ್ತೆ ಪ್ರಯತ್ನಿಸುತ್ತಾರೆ. ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ.

ಮೂಗಿನ ನಳಿಕೆಯ ಭಯ

ರೋಗ ತೀವ್ರವಾಗಿದ್ದು, ಬಾಯಿಯಿಂದ ಉಣ್ಣಲು ಕೆಲವು ದಿನ ಸಾಧ್ಯವಾಗದಿದ್ದರೆ ಮೂಗಿನ ಮೂಲಕ ತೆಳುವಾದ ನಳಿಕೆಯನ್ನು ಇಳಿಸಿ ದ್ರವಾಹಾರ ಕೊಡಬೇಕಾಗುತ್ತದೆ. ನಮ್ಮ ಕುಟುಂಬಗಳಲ್ಲಿ ಹೆಚ್ಚಿನ ಪ್ರತಿರೋಧ ಕಾಣುವುದು ಇಲ್ಲಿಯೇ. ನಳಿಕೆ ಹಾಕಿದರೆಂದರೆ ಇನ್ನು ಆಸೆಯಿಲ್ಲ ಎಂಬ ಭಾವನೆ ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಇದೆ. ಅದು ತಪ್ಪು ತಿಳಿವಳಿಕೆ. ಈ ರೋಗದಲ್ಲಿ ನಳಿಕೆಯು ಅಂತ್ಯದ ಸೂಚನೆಯಲ್ಲ. ಕರುಳಿನ ಗೋಡೆಯನ್ನು ಕಾಯುವ, ಸ್ನಾಯು ಕರಗದಂತೆ ತಡೆಯುವ ತಾತ್ಕಾಲಿಕ ಸಾಧನ. ರೋಗಿ ಉಣ್ಣುವಂತಾದ ದಿನ ಅದನ್ನು ತೆಗೆಯುತ್ತಾರೆ.

ಮೊದಲು ಈ ನಳಿಕೆಯನ್ನು ಜಠರವನ್ನು ದಾಟಿಸಿ ಸಣ್ಣ ಕರುಳಿನ ಮಧ್ಯಭಾಗದವರೆಗೆ ಇಳಿಸಲೇಬೇಕೆಂದು ತಿಳಿಯಲಾಗಿತ್ತು. ಅದಕ್ಕೆ ಎಂಡೋಸ್ಕೋಪಿ ಅಥವಾ ಎಕ್ಸ್-ರೇ ನೆರವು ಬೇಕು. ಚಿಕ್ಕ ಊರಿನ ಆಸ್ಪತ್ರೆಗಳಿಗೆ ಇದೇ ಒಂದು ತೊಡಕಾಗಿತ್ತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ತೀವ್ರ ರೋಗವಿದ್ದ ೭೮ ಜನರಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ, ಜಠರದವರೆಗಿನ ಸಾಮಾನ್ಯ ನಳಿಕೆಯು ಕರುಳಿನ ನಳಿಕೆಗಿಂತ ಕೀಳಲ್ಲವೆಂದು ೨೦೧೨ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ನಡೆದ ಈ ಅಧ್ಯಯನದ ಬೆಲೆ ದೊಡ್ಡದು. ಸಾಮಾನ್ಯ ನಳಿಕೆಯನ್ನು ಹಾಸಿಗೆಯ ಪಕ್ಕದಲ್ಲಿಯೇ ಹಾಕಬಹುದು. ತಾಲ್ಲೂಕು ಕೇಂದ್ರದಲ್ಲಿಯೂ ಅದು ಸಾಧ್ಯ. ಜಠರದಲ್ಲಿ ಆಹಾರ ನಿಲ್ಲುವ, ವಾಂತಿ ಮುಂದುವರಿಯುವ ರೋಗಿಗಳಿಗೆ ಮಾತ್ರ ಕರುಳಿನ ನಳಿಕೆ ಬೇಕಾಗುತ್ತದೆ.

ಹಾಗೆಂದು ಬಂದವರಿಗೆಲ್ಲ ಮೊದಲ ದಿನವೇ ನಳಿಕೆ ಹಾಕಬೇಕೆಂದಲ್ಲ. ನೆದರ್ಲೆಂಡ್ಸಿನ ೧೯ ಆಸ್ಪತ್ರೆಗಳಲ್ಲಿ ೨೦೮ ರೋಗಿಗಳ ಮೇಲೆ ನಡೆದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಸ್ಪಷ್ಟಪಡಿಸಿದೆ. ರೋಗ ತೀವ್ರವಾಗಬಹುದೆಂಬ ಅಂದಾಜಿದ್ದ ಈ ರೋಗಿಗಳಲ್ಲಿ ಒಂದು ಗುಂಪಿಗೆ ೨೪ ಗಂಟೆಗಳೊಳಗೆ ನಳಿಕೆಯ ಆಹಾರ ಕೊಡಲಾಯಿತು. ಇನ್ನೊಂದು ಗುಂಪಿಗೆ ೭೨ ಗಂಟೆಗಳಾದ ಮೇಲೆ ಬಾಯಿಯ ಊಟ ಕೊಟ್ಟು, ಆಗದಿದ್ದವರಿಗೆ ಮಾತ್ರ ನಳಿಕೆ ಹಾಕಲಾಯಿತು. ಸೋಂಕು ಮತ್ತು ಸಾವು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದವು. ಎರಡನೆಯ ಗುಂಪಿನ ನೂರಕ್ಕೆ ೬೯ ಜನರಿಗೆ ನಳಿಕೆಯ ಅಗತ್ಯವೇ ಬೀಳಲಿಲ್ಲ. ಮೊದಲು ಬಾಯಿಯಿಂದ ಪ್ರಯತ್ನಿಸುವುದು, ಮೂರು ನಾಲ್ಕು ದಿನಗಳಲ್ಲಿ ಸಾಧ್ಯವಾಗದಿದ್ದರೆ ತಡಮಾಡದೆ ನಳಿಕೆಗೆ ಒಪ್ಪುವುದು ಎಂಬ ಮಧ್ಯಮ ಮಾರ್ಗ ಇದರಿಂದ ದೊರೆಯುತ್ತದೆ.

ನಳಿಕೆ ಇರುವಾಗ ಬಂಧುಗಳು ಗಮನಿಸಬೇಕಾದ ಸಂಗತಿಗಳೂ ಇವೆ. ಆಹಾರ ಹೋಗುವಾಗ ರೋಗಿಯ ತಲೆಯ ಭಾಗವನ್ನು ೩೦ರಿಂದ ೪೫ ಡಿಗ್ರಿ ಎತ್ತರಿಸಿರಬೇಕು. ಇಲ್ಲವಾದರೆ ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ದಾದಿಯರಿಗೆ ತಿಳಿಸದೆ ಎಳನೀರು, ಕಷಾಯ, ಹಣ್ಣಿನ ರಸ ಯಾವುದನ್ನೂ ನಳಿಕೆಯಲ್ಲಿ ಹಾಕಬಾರದು. ಬಹುಕಾಲ ಮದ್ಯಪಾನ ಮಾಡಿ, ಅರೆಹೊಟ್ಟೆಯಲ್ಲಿ ಬದುಕಿ ಸೊರಗಿದವರಿಗೆ ಒಮ್ಮೆಲೇ ಪೂರ್ಣಾಹಾರ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಅವರಿಗೆ ಥಯಾಮಿನ್ ಎಂಬ ಜೀವಸತ್ವವನ್ನು ಕೊಟ್ಟು ಆಹಾರವನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ. ಇಂದು ಇಷ್ಟೇ ಏಕೆ ಕೊಟ್ಟರೆಂದು ಅವಸರಪಡಬಾರದು.

ಒಳ್ಳೆಯದೆಂದು ತೋರಿದ್ದೆಲ್ಲ ಎಲ್ಲ ಹೊತ್ತಿನಲ್ಲಿಯೂ ಒಳ್ಳೆಯದಲ್ಲವೆಂಬುದಕ್ಕೆ ಇಲ್ಲೊಂದು ನಿದರ್ಶನವಿದೆ. ಕರುಳಿಗೆ ಹಿತವೆಂದು ಹೆಸರಾದ ಬ್ಯಾಕ್ಟೀರಿಯಾಗಳ ಮಿಶ್ರಣವನ್ನು, ಅಂದರೆ ಪ್ರೊಬಯಾಟಿಕ್ಕನ್ನು, ತೀವ್ರ ರೋಗದ ಅಂದಾಜಿದ್ದವರಿಗೆ ನಳಿಕೆಯ ಮೂಲಕ ಕೊಟ್ಟು ನೆದರ್ಲೆಂಡ್ಸಿನಲ್ಲಿ ಪರೀಕ್ಷಿಸಲಾಯಿತು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದನ್ನು ಪಡೆದವರಲ್ಲಿ ನೂರಕ್ಕೆ ೧೬ ಜನ, ಪಡೆಯದವರಲ್ಲಿ ನೂರಕ್ಕೆ ೬ ಜನ ಮೃತಪಟ್ಟರು. ಹಿತೈಷಿಗಳು ಸೂಚಿಸಿದ ಪುಡಿ, ಲೇಹ್ಯ, ಪಾನೀಯಗಳನ್ನು ತೀವ್ರ ನಿಗಾ ಘಟಕದ ರೋಗಿಗೆ ಗುಟ್ಟಾಗಿ ಕೊಡುವವರು ಈ ಅಂಕಿಗಳನ್ನು ನೆನಪಿನಲ್ಲಿಡಬೇಕು.

ಭಕ್ತರ ಮನಸ್ಸಿನ ಪ್ರಶ್ನೆಗಳು

ನಮ್ಮ ಮನೆಗಳಲ್ಲಿ ವಿಶೇಷವಾಗಿ ಏಳುವ ಕೆಲವು ಸಂದೇಹಗಳನ್ನು ಇಲ್ಲಿ ಪ್ರಸ್ತಾಪಿಸಬೇಕು. ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕೆನೆಂಬ ನಿಷ್ಠೆಯ ಹಿರಿಯರು ನಮ್ಮಲ್ಲಿದ್ದಾರೆ. ಆ ನಿಷ್ಠೆ ಗೌರವಾರ್ಹವಾದುದು. ಅದನ್ನು ಮುಚ್ಚಿಡದೆ ದಾದಿಯರಿಗೂ ವೈದ್ಯರಿಗೂ ಹೇಳಿದರೆ ಬೆಳಗಿನ ಆಹಾರದ ಹೊತ್ತನ್ನು ಪೂಜೆಗೆ ಹೊಂದಿಸಿಕೊಳ್ಳಬಹುದು. ಎದ್ದು ಕುಳಿತುಕೊಳ್ಳಲಾಗದವರಿಗೆ ಮನೆಯವರು ನೆರವಾಗಿ ಮಲಗಿದಲ್ಲಿಯೇ ಅಂಗೈಯಲ್ಲಿ ಇಷ್ಟಲಿಂಗದ ದರ್ಶನ ಮಾಡಿಸಬಹುದು. ಪ್ರಜ್ಞೆ ಮಸುಕಾದವರ ವಿಷಯದಲ್ಲಿ ಸಂದೇಹವಿದ್ದರೆ ಗುರುಗಳನ್ನು ಕೇಳಿ ನಡೆಯುವುದು ಉಚಿತ. ದೇಹದಂಡನೆಯನ್ನೇ ಸಾಧನೆಯೆಂದು ಶರಣರು ಒಪ್ಪಲಿಲ್ಲ. ಕಾಯ ಉಳಿದರೆ ತಾನೆ ಕಾಯಕ! ಪೂಜೆಯ ನೆಪದಲ್ಲಿ ನಳಿಕೆಯ ಆಹಾರವನ್ನು ಗಂಟೆಗಟ್ಟಲೆ ತಡೆಯುವುದು ಆ ಪರಂಪರೆಗೆ ಒಪ್ಪುವ ನಡೆಯೆಂದು ನನಗೆ ಅನಿಸುವುದಿಲ್ಲ.

ಮಠದಿಂದ ತಂದ ಪ್ರಸಾದದ ಮಾತೂ ಹಾಗೆಯೇ. ಪ್ರಸಾದದ ಮಹಿಮೆ ಅದರ ತೂಕದಲ್ಲಿಲ್ಲ. ವೈದ್ಯರು ಬಾಯಿಯ ಆಹಾರಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಒಂದು ಅಗುಳನ್ನು ಸ್ವೀಕರಿಸಿದರೂ ಅದು ಪೂರ್ಣ ಪ್ರಸಾದವೇ. ತುಪ್ಪ, ಗೋಡಂಬಿ ಬೆರೆತ ಪಾಯಸವನ್ನು ಬಟ್ಟಲು ತುಂಬ ಕುಡಿಸಬೇಕಾಗಿಲ್ಲ. ಪಾದೋದಕವನ್ನು ಕೊಡುವುದಾದರೆ, ನೀರು ಕುಡಿಯಲು ಅನುಮತಿ ದೊರೆತ ಮೇಲೆ, ಕುದಿಸಿ ಆರಿಸಿದ ನೀರಿನದನ್ನೇ ಕೊಡುವುದು ಕ್ಷೇಮ.

ಇನ್ನೊಂದು ಸೂಕ್ಷ್ಮವಾದ ವಿಷಯವಿದೆ. ಗ್ರಂಥಿಯ ಬಹುಭಾಗ ನಾಶವಾದವರಲ್ಲಿ ಮುಂದೆ ಜೀರ್ಣಕಿಣ್ವಗಳ ಕೊರತೆಯುಂಟಾಗುತ್ತದೆ. ಮಲ ಜಿಡ್ಡಾಗಿ, ದುರ್ಗಂಧದಿಂದ ಕೂಡಿ ನೀರಿನ ಮೇಲೆ ತೇಲುವುದು, ಉಂಡರೂ ತೂಕ ಇಳಿಯುವುದು ಇದರ ಲಕ್ಷಣಗಳು. ಇಂಥವರಿಗೆ ಊಟದೊಡನೆ ಕಿಣ್ವದ ಕ್ಯಾಪ್ಸೂಲುಗಳನ್ನು ಕೊಡುತ್ತಾರೆ. ಪ್ಯಾಂಕ್ರಿಯಾಟಿನ್ ಎಂಬ ಈ ಔಷಧವನ್ನು ಹಂದಿಯ ಮೇದೋಜ್ಜೀರಕ ಗ್ರಂಥಿಯಿಂದ ತಯಾರಿಸಲಾಗುತ್ತದೆ. ಶುದ್ಧ ಶಾಕಾಹಾರಿಗಳಾದ ನಮ್ಮವರಿಗೆ ಇದನ್ನು ಮೊದಲೇ ತಿಳಿಸಬೇಕಾದುದು ವೈದ್ಯರ ಕರ್ತವ್ಯ. ಶಿಲೀಂಧ್ರಮೂಲದ ಕಿಣ್ವಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆಯಾದರೂ ಅವು ಇದಕ್ಕೆ ಸಮನಾದ ಬದಲಿಯೆಂದು ಸಿದ್ಧಪಟ್ಟಿಲ್ಲ. ತೆಗೆದುಕೊಳ್ಳುವುದೋ ಬಿಡುವುದೋ ಎಂಬುದು ಪ್ರತಿಯೊಬ್ಬರ ಅಂತಃಸಾಕ್ಷಿಗೆ ಸೇರಿದ ನಿರ್ಧಾರ. ಪ್ರಾಣರಕ್ಷಣೆಗೆ ಬೇಕಾದ ಔಷಧವನ್ನು ಆಹಾರದ ಸಾಲಿನಲ್ಲಿ ನಿಲ್ಲಿಸಿ ತೂಗಬಾರದೆಂಬುದು ನನ್ನ ನಿಲುವು. ಒಪ್ಪದವರು ತಮ್ಮ ನಿರ್ಧಾರವನ್ನು ವೈದ್ಯರಿಗೆ ನೇರವಾಗಿ ಹೇಳಿ, ಇರುವುದರಲ್ಲಿ ಉತ್ತಮವಾದ ದಾರಿಯನ್ನು ಕೇಳಲಿ. ಒಪ್ಪಿದಂತೆ ನಟಿಸಿ, ಕ್ಯಾಪ್ಸೂಲನ್ನು ಗುಟ್ಟಾಗಿ ಎಸೆದು ದಿನದಿನಕ್ಕೆ ಕೃಶವಾಗುವುದು ಯಾರಿಗೂ ಹಿತವಲ್ಲ. ನಳಿಕೆಯ ಆಹಾರದ ವಿಷಯದಲ್ಲಿಯೂ ಅಷ್ಟೇ: ಮೊಟ್ಟೆ ಬೇಡವೆಂದು ಹೇಳಿದರೆ ಹಾಲಿನ ಅಥವಾ ಸೋಯಾ ಪ್ರೋಟೀನಿನ ಆಹಾರವನ್ನು ಆಹಾರತಜ್ಞರು ಹೊಂದಿಸಿಕೊಡುತ್ತಾರೆ.

ಮನೆಗೆ ಮರಳಿದ ಮೇಲೆ

ರೋಗ ಇಳಿದು ಮನೆಗೆ ಬಂದ ಮೇಲೆ ಕೆಲವು ವಾರಗಳ ಕಾಲ ಜಿಡ್ಡನ್ನು ಮಿತಿಯಲ್ಲಿಟ್ಟು, ಬೇಳೆಕಾಳು, ಕೆನೆ ತೆಗೆದ ಹಾಲು, ಮಜ್ಜಿಗೆಗಳಿಂದ ಪ್ರೋಟೀನನ್ನು ಹೆಚ್ಚಿಸಿಕೊಂಡು, ಕಳೆದುಕೊಂಡ ತೂಕವನ್ನು ಮರಳಿ ಪಡೆಯಬೇಕು. ಬದುಕಿಡೀ ಗಂಜಿಯನ್ನೇ ಕುಡಿಯಬೇಕೆಂಬ ಭಯ ಬೇಡ. ಆದರೆ ಪಥ್ಯವೊಂದೇ ರೋಗವನ್ನು ತಡೆಯಲಾರದು, ಮೂಲಕಾರಣವನ್ನು ಕಿತ್ತುಹಾಕಬೇಕು. ಪಿತ್ತಕೋಶದ ಕಲ್ಲಿನಿಂದ ಸೌಮ್ಯ ರೋಗ ಬಂದಿದ್ದರೆ ಅದೇ ಸಲ ಆಸ್ಪತ್ರೆಯಲ್ಲಿರುವಾಗಲೇ ಪಿತ್ತಕೋಶವನ್ನು ತೆಗೆಸಿಕೊಳ್ಳುವುದು ಮೇಲು. ೨೬೬ ರೋಗಿಗಳ ಕುರಿತು ೨೦೧೫ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ, ಹಾಗೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ೫ ಜನರಿಗೆ, ಸುಮಾರು ನಾಲ್ಕು ವಾರ ಮುಂದೂಡಿದವರಲ್ಲಿ ನೂರಕ್ಕೆ ೧೭ ಜನರಿಗೆ ಪಿತ್ತಕಲ್ಲಿನ ತೊಂದರೆ ಮರುಕಳಿಸಿತು. ಜಾತ್ರೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೂಡುವವರು ಇದನ್ನು ಮನಗಾಣಬೇಕು.

ಮದ್ಯಪಾನದಿಂದ ಬಂದ ರೋಗಕ್ಕೆ ಮದ್ಯವನ್ನು ಪೂರ್ಣವಾಗಿ ಬಿಡುವುದೊಂದೇ ದಾರಿ. ಕಡಿಮೆ ಮಾಡಿದ್ದೇನೆ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಟ್ರೈಗ್ಲಿಸರೈಡ್ ಹೆಚ್ಚಿರುವವರು ಔಷಧಿಯನ್ನು ತಪ್ಪಿಸದೆ, ಸಕ್ಕರೆ ಕಾಯಿಲೆಯಿದ್ದರೆ ಅದನ್ನು ಹತೋಟಿಯಲ್ಲಿಟ್ಟು, ಸಿಹಿ ಮತ್ತು ಜಿಡ್ಡುಗಳನ್ನು ದೀರ್ಘಕಾಲ ಮಿತಗೊಳಿಸಬೇಕು.

ಕೇಳಬೇಕಾದ ಮಾತುಗಳು

ರೋಗಿಯ ಬಂಧುಗಳು ವೈದ್ಯರನ್ನು ಕೇಳಬೇಕಾದ ಮಾತುಗಳು ಬಹಳವೇನಿಲ್ಲ. ರೋಗ ಸೌಮ್ಯವೋ ತೀವ್ರವೋ? ಇಂದು ಉಣಿಸಬಹುದೇ? ಇಂದು ಆಗದಿದ್ದರೆ ಕಾರಣವೇನು, ಯಾವಾಗ ಮತ್ತೆ ನೋಡುತ್ತೀರಿ? ಬಾಯಿಯಿಂದ ಸಾಧ್ಯವಾಗದಿದ್ದರೆ ನಳಿಕೆಯನ್ನು ಎಂದು ಹಾಕುವಿರಿ? ಆಹಾರತಜ್ಞರು ನೋಡಿದ್ದಾರೆಯೇ? ಕರುಳಿನ ಚಲನೆ ನಿಂತಿರುವುದು, ರಕ್ತದೊತ್ತಡ ಕುಸಿದಿರುವುದು, ವಾಂತಿ ನಿಲ್ಲದಿರುವುದು ಹೀಗೆ ಆಹಾರವನ್ನು ತಡೆಯಲು ಸಕಾರಣಗಳು ಇರಬಹುದು. ಕಾರಣವಿದ್ದರೆ ಒಪ್ಪಿ ಕಾಯೋಣ. ಆದರೆ ಕಾರಣ ಹೇಳದೆ, ಈ ರೋಗದಲ್ಲಿ ಹಾಗೆಯೇ ಇರಬೇಕು ಎಂಬಷ್ಟೇ ಉತ್ತರ ಬಂದರೆ ಎರಡನೆಯ ಸಲ ಕೇಳಲು ಹಿಂಜರಿಯಬೇಕಾಗಿಲ್ಲ.

ದಾಸೋಹ ಪರಂಪರೆಯ ಮಠಗಳಿಗೂ ಭಕ್ತರಿಗೂ ಒಂದು ವಿನಂತಿ. ಹಬ್ಬಹುಣ್ಣಿಮೆಗಳಂದು ಆಸ್ಪತ್ರೆಗಳಿಗೆ ಹೋಗಿ ಸಿಹಿ, ಹಣ್ಣು ಹಂಚುವ ಸತ್ಸಂಪ್ರದಾಯ ನಮ್ಮಲ್ಲಿದೆ. ಅದರ ಜೊತೆಗೆ ಒಗ್ಗರಣೆಯಿಲ್ಲದ ತೊವ್ವೆ, ಮೆತ್ತನೆಯ ಅನ್ನ, ಅಂಬಲಿಗಳನ್ನು ವೈದ್ಯರ ಸಲಹೆಯಂತೆ ಬೇಯಿಸಿ, ಮನೆಯಿಂದ ದೂರವಿರುವ ಬಡ ರೋಗಿಗಳಿಗೆ ನಿತ್ಯ ತಲುಪಿಸುವ ವ್ಯವಸ್ಥೆಯಾದರೆ ಅದು ಈ ಕಾಲಕ್ಕೆ ತಕ್ಕ ದಾಸೋಹ. ಹೊರಗಿನ ಹೋಟೆಲಿನ ಎಣ್ಣೆಯ ಊಟವೋ ಉಪವಾಸವೋ ಎಂಬ ಇಕ್ಕಟ್ಟಿನಲ್ಲಿ ಸಿಲುಕಿದವರಿಗೆ ಒಂದು ಬಟ್ಟಲು ಗಂಜಿ ದೊಡ್ಡ ಮದ್ದು. ಹಸಿದವನಿಗೆ ಅನ್ನವಿಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಾಸಿಗೆ ಹಿಡಿದವನ ಹಸಿವನ್ನು ಗುರುತಿಸುವುದನ್ನು ಮಾತ್ರ ನಾವು ಕಲಿಯಬೇಕಾಗಿದೆ.